ತಾಪಮಾನ ಒಂದೇ, ಬೆವರು ಬೇರೆ: ಬೆಂಗಳೂರಿನ ಸೈಕಲ್ ಸವಾರರು ಕರಾವಳಿಯಲ್ಲಿ ಏಕೆ ಬೇಗ ಸುಸ್ತಾಗುತ್ತಾರೆ?

ಕಮ್ಮನಹಳ್ಳಿ, ಬಾಣಸವಾಡಿ, ಎಚ್‌ಬಿಆರ್ ಲೇಔಟ್ ಕಡೆಯಿಂದ ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟಕ್ಕೆ ಸೈಕಲ್‌ನಲ್ಲಿ ಹೊರಡುವವರು ಈಗ ಅಪರೂಪವಲ್ಲ. ನಂದಿ ಹತ್ತಿ ಬಂದವರಲ್ಲಿ ಹಲವರ ಮುಂದಿನ ಆಸೆ ಕರಾವಳಿ. ಮರವಂತೆಯಲ್ಲಿ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಅಲ್ಲಿಂದ ಆಗುಂಬೆ ಘಾಟಿ, ಆಮೇಲೆ ಕುದುರೆಮುಖದ ಹುಲ್ಲುಗಾವಲು. ಶುಕ್ರವಾರ ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಸೈಕಲ್ ಹಾಕಿದರೆ ಶನಿವಾರ ಬೆಳಿಗ್ಗೆ ಕುಂದಾಪುರದಲ್ಲಿ ಪೆಡಲ್ ತುಳಿಯಬಹುದು.

ಇಂಥ ಪ್ರವಾಸಕ್ಕೆ ಮೊದಲು ವಾಟ್ಸಾಪ್ ಗುಂಪುಗಳಲ್ಲಿ ಸಲಹೆಗಳ ಸುರಿಮಳೆ ಆಗುತ್ತದೆ. ಬೆವರು ಸುರಿದಷ್ಟೂ ಕೊಬ್ಬು ಕರಗುತ್ತದೆ. ಎಷ್ಟು ಸಾಧ್ಯವೋ ಅಷ್ಟು ನೀರು ಕುಡಿಯಿರಿ. ಸಮುದ್ರದ ಗಾಳಿ ಇರುವುದರಿಂದ ಬಿಸಿಲು ತಾಗುವುದಿಲ್ಲ. ಬೆಟ್ಟದ ಮೇಲೆ ಉಸಿರು ಕಟ್ಟಿದರೆ ಕರ್ಪೂರ ಮೂಸಿ. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಇವುಗಳಲ್ಲಿ ಕೆಲವು ತಪ್ಪು, ಕೆಲವು ಅಪಾಯಕಾರಿ. ಏಕೆಂದು ನೋಡೋಣ.

ಸೈಕಲ್ ತುಳಿಯುವ ದೇಹ ಒಂದು ಒಲೆ

ಪೆಡಲ್ ತುಳಿಯುವಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಚಕ್ರ ತಿರುಗಿಸಲು ಬಳಕೆಯಾಗುವುದು ಸುಮಾರು ನಾಲ್ಕನೇ ಒಂದು ಭಾಗ, ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ. ಉಳಿದದ್ದೆಲ್ಲ ಶಾಖ. ಪೆಡಲ್ ಮೇಲೆ 150 ವ್ಯಾಟ್ ಶಕ್ತಿ ಹಾಕುವ ಸವಾರರ ದೇಹದಲ್ಲಿ 450ರಿಂದ 600 ವ್ಯಾಟ್‌ನಷ್ಟು ಶಾಖ ಹುಟ್ಟುತ್ತದೆ. ಈ ಶಾಖ ಹೊರಗೆ ಹೋಗದಿದ್ದರೆ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕಾದ ದೇಹದ ಒಳಗಿನ ತಾಪ ಏರುತ್ತಲೇ ಹೋಗುತ್ತದೆ.

ಹೊರಗೆ ಹಾಕುವ ಮುಖ್ಯ ದಾರಿ ಬೆವರು. ಆದರೆ ದೇಹ ತಂಪಾಗುವುದು ಬೆವರು ಸುರಿದಾಗ ಅಲ್ಲ, ಅದು ಆರಿದಾಗ. ಒಂದು ಲೀಟರ್ ಬೆವರು ಪೂರ್ತಿ ಚರ್ಮದ ಮೇಲೆಯೇ ಆರಿದರೆ ಸುಮಾರು 2,400 ಕಿಲೋಜೌಲ್ ಶಾಖವನ್ನು ಒಯ್ಯುತ್ತದೆ. ಅದೇ ಬೆವರು ಹನಿಯಾಗಿ ರಸ್ತೆಗೆ ಬಿದ್ದರೆ ಒಯ್ಯುವುದು ಹೆಚ್ಚುಕಡಿಮೆ ಏನೂ ಇಲ್ಲ. ನೀರೂ ಹೋಯಿತು, ಉಪ್ಪೂ ಹೋಯಿತು, ತಂಪೂ ಸಿಗಲಿಲ್ಲ.

ಹಾಗಾಗಿ ಬೆವರು ಸುರಿದಷ್ಟೂ ಕೊಬ್ಬು ಕರಗುತ್ತದೆ ಎಂಬ ಮಾತು ನಿಜವಲ್ಲ. ಕೊಬ್ಬು ಕರಗುವುದು ಎಷ್ಟು ಕೆಲಸ ಮಾಡಿದಿರಿ ಎಂಬುದರ ಮೇಲೆ. ಸವಾರಿ ಮುಗಿದ ಮೇಲೆ ತೂಕದ ಯಂತ್ರದಲ್ಲಿ ಕಾಣುವ ಒಂದು ಕಿಲೋ ಇಳಿಕೆ ಬಹುಪಾಲು ನೀರಿನದು. ಊಟ ಮಾಡಿ ನೀರು ಕುಡಿದರೆ ಮರಳಿ ಬರುತ್ತದೆ.

33 ಡಿಗ್ರಿ ಇಲ್ಲಿ, 33 ಡಿಗ್ರಿ ಅಲ್ಲಿ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬೇಸಿಗೆಯ ಮಧ್ಯಾಹ್ನ ಇಲ್ಲಿನ ಗಾಳಿ ಒಣಗಿರುತ್ತದೆ. ಒಗೆದ ಬಟ್ಟೆ ಬೇಗ ಒಣಗುತ್ತದೆ, ಮಣ್ಣಿನ ಗಡಿಗೆಯ ನೀರು ತಣ್ಣಗಿರುತ್ತದೆ. ಗಡಿಗೆಯನ್ನು ತಂಪಾಗಿಸುವ ವಿಜ್ಞಾನವೇ ನಮ್ಮ ಚರ್ಮವನ್ನೂ ತಂಪಾಗಿಸುತ್ತದೆ. ಕರಾವಳಿಯ ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ. ಅಲ್ಲಿ ಬಟ್ಟೆಯೂ ನಿಧಾನವಾಗಿ ಒಣಗುತ್ತದೆ, ಬೆವರೂ ನಿಧಾನವಾಗಿ ಆರುತ್ತದೆ.

ಇದನ್ನು ಅಳೆಯುವ ಸುಲಭ ವಿಧಾನವಿದೆ. ಥರ್ಮಾಮೀಟರ್‌ನ ತುದಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿ ಆಡಿಸಿದಾಗ ಬರುವ ತಾಪಮಾನ. ಇದಕ್ಕೆ ವೆಟ್ ಬಲ್ಬ್ ತಾಪಮಾನ ಎನ್ನುತ್ತಾರೆ. 33 ಡಿಗ್ರಿ ಬಿಸಿ, ಶೇ 30 ಆರ್ದ್ರತೆ ಇದ್ದರೆ ಅದು ಸುಮಾರು 21 ಡಿಗ್ರಿ. ಅದೇ 33 ಡಿಗ್ರಿಗೆ ಆರ್ದ್ರತೆ ಶೇ 65 ಆದರೆ 27 ಡಿಗ್ರಿ ದಾಟುತ್ತದೆ. ಮೊಬೈಲ್ ಪರದೆಯಲ್ಲಿ ಎರಡೂ ಊರಿಗೆ 33 ಎಂದೇ ಕಾಣುತ್ತದೆ, ಆದರೆ ದೇಹಕ್ಕೆ ಅವೆರಡೂ ಬೇರೆ ಬೇರೆ ದಿನಗಳು.

ಭಾರತೀಯ ಹವಾಮಾನ ಇಲಾಖೆಯೂ ಎಲ್ಲ ಊರಿಗೂ ಒಂದೇ ಅಳತೆಗೋಲು ಹಿಡಿಯುವುದಿಲ್ಲ. ಬಿಸಿಗಾಳಿ ಎಂದು ಘೋಷಿಸುವ ಲೆಕ್ಕ ಬಯಲುಸೀಮೆಯಲ್ಲಿ ಶುರುವಾಗುವುದು 40 ಡಿಗ್ರಿಗೆ, ಕರಾವಳಿಯಲ್ಲಿ 37ಕ್ಕೆ, ಗುಡ್ಡಗಾಡಿನಲ್ಲಿ 30ಕ್ಕೆ. ಜೊತೆಗೆ ಆ ಜಾಗದ ವಾಡಿಕೆಯ ತಾಪಕ್ಕಿಂತ ಎಷ್ಟು ಹೆಚ್ಚಾಗಿದೆ ಎಂಬುದನ್ನೂ ನೋಡುತ್ತಾರೆ.

ಸೆಕೆಗೆ ದೇಹ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ವಾರಾಂತ್ಯದ ಸವಾರರಿಗೆ ಸಿಗುವುದು ಬಸ್ಸಿನಲ್ಲಿ ಕಳೆದ ಒಂದು ರಾತ್ರಿ ಮಾತ್ರ. ನಂದಿಗೆ 100 ಕಿಲೋಮೀಟರ್ ಹೋಗಿಬರುವವರು ಉಡುಪಿಯಲ್ಲಿ 60ಕ್ಕೇ ಬಸವಳಿದರೆ ಅದು ಸೋಮಾರಿತನವಲ್ಲ.

ಸಮುದ್ರದ ಗಾಳಿ ಕಾಪಾಡುತ್ತದೆಯೇ?

ಸ್ವಲ್ಪ ಮಟ್ಟಿಗೆ ಹೌದು. ಹಗಲು ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನವಾಗಿ. ಆದ್ದರಿಂದ ಬಿಸಿಲೇರಿದಂತೆ ಗಾಳಿ ಕಡಲಿನಿಂದ ನೆಲದ ಕಡೆ ಬೀಸುತ್ತದೆ. ಬೇಸಿಗೆಯ ಮಧ್ಯಾಹ್ನ ನಮ್ಮ ಕರಾವಳಿಯಲ್ಲಿ ಇದು ಹೆಚ್ಚಾಗಿ ಪಶ್ಚಿಮ, ವಾಯವ್ಯ ದಿಕ್ಕಿನಿಂದ ಬರುತ್ತದೆ. ಉಡುಪಿಯಿಂದ ಉತ್ತರಕ್ಕೆ ಬೈಂದೂರಿನ ಕಡೆ ಹೋಗುವವರಿಗೆ ಅದು ಎದುರುಗಾಳಿ, ವಾಪಸು ಬರುವಾಗ ಬೆನ್ನಗಾಳಿ.

ಇಲ್ಲೊಂದು ತಮಾಷೆಯ ಸಂಗತಿ ಇದೆ. ಎದುರುಗಾಳಿ ಕಾಲಿಗೆ ಕಷ್ಟ ಕೊಡುತ್ತದೆ, ಆದರೆ ಬೆವರು ಆರಿಸುತ್ತದೆ. ಬೆನ್ನಗಾಳಿ ಕಾಲಿಗೆ ಸುಖ, ಆದರೆ ಗಾಳಿಯ ವೇಗ ನಿಮ್ಮ ವೇಗಕ್ಕೆ ಸಮನಾದರೆ ಮೈಗೆ ಗಾಳಿಯೇ ತಾಗುವುದಿಲ್ಲ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಕಡಲ ದಂಡೆಯಲ್ಲಲ್ಲ, ಘಾಟಿಯ ಬುಡದಲ್ಲಿ. ಸೋಮೇಶ್ವರದಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವುಗಳನ್ನು ಹತ್ತುವಾಗ ದೇಹ ಅತಿ ಹೆಚ್ಚು ಕೆಲಸ ಮಾಡುತ್ತಿರುತ್ತದೆ. ವೇಗ ಗಂಟೆಗೆ ಏಳೆಂಟು ಕಿಲೋಮೀಟರ್ ಇರುವುದರಿಂದ ನಮ್ಮದೇ ಚಲನೆಯಿಂದ ಹುಟ್ಟುವ ಗಾಳಿಯೂ ಇಲ್ಲ. ಸುತ್ತ ದಟ್ಟ ಕಾಡು, ತೇವದ ಗಾಳಿ. ಮರದ ನೆರಳಿದೆಯಲ್ಲ ಎಂದು ಮೈಮರೆಯುವ ಜಾಗ ಇದು. ಘಾಟಿಯನ್ನು ಬೆಳಗಿನ ಹೊತ್ತಿಗೇ ಹತ್ತಿ ಮುಗಿಸುವುದು ಜಾಣತನ.

ನೀರು ಹೆಚ್ಚಾದರೂ ಅಪಾಯ

ಸಾಧ್ಯವಾದಷ್ಟು ನೀರು ಕುಡಿಯಿರಿ ಎಂಬ ಸಲಹೆಯೇ ಈ ಪಟ್ಟಿಯಲ್ಲಿ ಹೆಚ್ಚು ಅಪಾಯಕಾರಿ. ಬೆವರಿನಲ್ಲಿ ಹೋಗುವ ಉಪ್ಪಿನ ಮುಖ್ಯ ಭಾಗ ಸೋಡಿಯಂ. ಗಂಟೆಗಟ್ಟಲೆ ಬೆವರುತ್ತಾ, ಹೋದದ್ದಕ್ಕಿಂತ ಹೆಚ್ಚು ನೀರು ಕುಡಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ತಲೆನೋವು, ವಾಂತಿ, ಗೊಂದಲ, ತೀವ್ರವಾದರೆ ಮಿದುಳಿನ ಊತ, ಫಿಟ್ಸ್. ಸಾವೂ ಸಂಭವಿಸಬಹುದು.

2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಓಡಿದ 488 ಜನರ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಮಂದಿಯ ಸೋಡಿಯಂ ಕಡಿಮೆಯಾಗಿತ್ತು. ಈ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಓಟದ ಹೊತ್ತಿನಲ್ಲಿ ತೂಕ ಇಳಿಯುವ ಬದಲು ಏರಿದವರಲ್ಲಿ ಈ ತೊಂದರೆ ಹೆಚ್ಚು ಕಂಡಿತ್ತು, ಅಂದರೆ ಅತಿಯಾಗಿ ಕುಡಿದವರಲ್ಲಿ.

ಹಾಗಾದರೆ ಎಷ್ಟು ಕುಡಿಯಬೇಕು? ಬಾಯಾರಿಕೆ ಆದಾಗ ಕುಡಿಯಿರಿ, ಒಂದೇ ಸಲ ಬಾಟಲಿ ಖಾಲಿ ಮಾಡಬೇಡಿ. ನಿಮ್ಮ ಅಳತೆ ತಿಳಿಯಲು ಸವಾರಿಗೆ ಮೊದಲು ಮತ್ತು ನಂತರ ತೂಕ ನೋಡಿ. ಒಂದು ಕಿಲೋ ಇಳಿದರೆ ಸುಮಾರು ಒಂದು ಲೀಟರ್ ನೀರು ಹೋಗಿದೆ ಎಂದರ್ಥ. ತೂಕದ ಶೇ 2ಕ್ಕಿಂತ ಹೆಚ್ಚು ಇಳಿದಿದ್ದರೆ ಕುಡಿದದ್ದು ಸಾಲದು. ತೂಕ ಏರಿದ್ದರೆ ಅತಿಯಾಯಿತು.

ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಹೋದ ಉಪ್ಪಿಗೆ ಅದೊಂದೇ ಸಾಲದು. ಉಪ್ಪು ಹಾಕಿದ ಮಜ್ಜಿಗೆ, ಕರಾವಳಿಯ ಗಂಜಿ ಮತ್ತು ಉಪ್ಪಿನಕಾಯಿ ಆ ಕೆಲಸ ಚೆನ್ನಾಗಿ ಮಾಡುತ್ತವೆ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ಉಪ್ಪಿನ ಬಗ್ಗೆ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಒಆರ್‌ಎಸ್ ಕೊಳ್ಳುವಾಗ ಪೊಟ್ಟಣ ಓದಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲುಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತದೆ. ಈ ಸೂತ್ರಕ್ಕೆ ಹೊಂದದ ಸಿಹಿ ಪಾನೀಯಗಳ ಮೇಲೆ ಒಆರ್‌ಎಸ್ ಎಂಬ ಹೆಸರು ಬಳಸಬಾರದೆಂದು ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು.

ಹುಲ್ಲುಗಾವಲಿನ ಮೇಲೆ ಸಮಸ್ಯೆ ತಿರುಗುಮುರುಗು

ಘಾಟಿ ಹತ್ತಿ ಕುದುರೆಮುಖ ಅಥವಾ ಬಾಬಾಬುಡನ್‌ಗಿರಿಯ ಬೋಳು ಹುಲ್ಲುಬೆಟ್ಟಗಳಿಗೆ ಬಂದರೆ ಮರದ ಮರೆ ಇಲ್ಲ, ಗಾಳಿ ನೇರವಾಗಿ ಬಡಿಯುತ್ತದೆ. ಪ್ರತಿ ಸಾವಿರ ಮೀಟರ್ ಏರಿದಂತೆ ತಾಪ ಸುಮಾರು ಆರು ಡಿಗ್ರಿ ಇಳಿಯುತ್ತದೆ. ಹತ್ತುವಾಗ ಒದ್ದೆಯಾದ ಅಂಗಿ ಇಳಿಯುವಾಗ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿಗೆ ಸಿಕ್ಕಿದರೆ ಮೈಯ ಶಾಖವನ್ನು ವೇಗವಾಗಿ ಕದಿಯುತ್ತದೆ. ಮಂಜು, ಜಡಿಮಳೆ ಸೇರಿದರೆ ಬೆರಳು ಮರಗಟ್ಟುತ್ತದೆ, ಬ್ರೇಕ್ ಹಿಡಿಯುವ ಬಲವೇ ಉಳಿಯುವುದಿಲ್ಲ. ತಿರುವಿನ ರಸ್ತೆಯಲ್ಲಿ ಇದು ಜೀವದ ಪ್ರಶ್ನೆ. ಇಳಿಯುವ ಮೊದಲು ಒಣ ಅಂಗಿ, ಗಾಳಿ ತಡೆಯುವ ತೆಳು ಜಾಕೆಟ್, ಕೈಗವಸು ಹಾಕಿಕೊಳ್ಳಿ.

ಇನ್ನು ಕರ್ಪೂರದ ವಿಷಯ. ಕರ್ಪೂರ, ಲವಂಗ, ಓಮ ಮೂಸಿದರೆ ಆಮ್ಲಜನಕ ಏರುತ್ತದೆ ಎಂಬ ಸಂದೇಶ 2021ರ ಕೋವಿಡ್ ಅಲೆಯಲ್ಲೂ ಹರಿದಾಡಿತ್ತು. ಅದಕ್ಕೆ ಆಧಾರವಿಲ್ಲ. ಮೂಗು ತೆರೆದಂತೆ ಅನ್ನಿಸಬಹುದು, ರಕ್ತದ ಆಮ್ಲಜನಕ ಹೆಚ್ಚುವುದಿಲ್ಲ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೂ ಸುಮಾರು 1,930 ಮೀಟರ್ ಮಾತ್ರ, ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣುವುದು 2,500 ಮೀಟರ್ ಮೇಲೆ. ಇಲ್ಲಿ ಏದುಸಿರು ಬರುವುದು ಹೆಚ್ಚಾಗಿ ಏರಿನಿಂದ. ನಿಂತು ಸುಧಾರಿಸಿಕೊಂಡರೂ ಕಡಿಮೆಯಾಗದಿದ್ದರೆ, ಎದೆನೋವು ಇದ್ದರೆ, ಅದು ಆಸ್ಪತ್ರೆಗೆ ಹೋಗಬೇಕಾದ ಸೂಚನೆ.

ಜೊತೆಗಾರ ಕುಸಿದರೆ

ಸುಸ್ತು, ತಲೆಸುತ್ತು, ವಾಕರಿಕೆ ಕಂಡರೆ ಸವಾರಿ ನಿಲ್ಲಿಸಿ ನೆರಳಿಗೆ ಬನ್ನಿ. ಜೊತೆಗಾರ ತೊದಲುತ್ತಿದ್ದರೆ, ಅಸಂಬದ್ಧ ಮಾತಾಡುತ್ತಿದ್ದರೆ, ಪ್ರಜ್ಞೆ ತಪ್ಪಿದರೆ ಅದನ್ನು ಶಾಖಾಘಾತ ಎಂದೇ ಭಾವಿಸಿ. ದೇಹದ ಒಳತಾಪ 40 ಡಿಗ್ರಿ ದಾಟಿರಬಹುದು. ಬೆವರುತ್ತಿದ್ದರೆ ಶಾಖಾಘಾತವಲ್ಲ ಎಂಬ ನಂಬಿಕೆ ತಪ್ಪು. ಶ್ರಮದಿಂದ ಬರುವ ಶಾಖಾಘಾತದಲ್ಲಿ ಮೈ ಒದ್ದೆಯಾಗಿಯೇ ಇರಬಹುದು.

108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಕಾಯದೆ ತಂಪು ಮಾಡಲು ಶುರು ಮಾಡಿ. ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ತಣ್ಣೀರು ಸುರಿಯುತ್ತಾ ಗಾಳಿ ಬೀಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಪ್ಯಾರಾಸಿಟಮಾಲ್ ಕೊಡಬೇಡಿ, ಇದು ಸೋಂಕಿನ ಜ್ವರವಲ್ಲ, ಆ ಮಾತ್ರೆ ಇಲ್ಲಿ ಕೆಲಸ ಮಾಡುವುದಿಲ್ಲ.

ಫಾರ್ವರ್ಡ್ ಮಾಡುವ ಮೊದಲು

ಕರಾವಳಿಗೂ ಘಟ್ಟಕ್ಕೂ ಸೈಕಲ್‌ನಲ್ಲಿ ಹೋಗಬೇಡಿ ಎಂದು ನಾವು ಹೇಳುತ್ತಿಲ್ಲ. ತಾಪಮಾನದ ಜೊತೆ ಆರ್ದ್ರತೆಯನ್ನೂ ನೋಡಿ ಹೋಗಿ. ಅದೂ ಹವಾಮಾನದ ಆ್ಯಪ್‌ನಲ್ಲೇ ಇರುತ್ತದೆ. ಮೊದಲ ದಿನದ ದೂರವನ್ನು ಬೆಂಗಳೂರಿನ ಅಭ್ಯಾಸದ ಅರ್ಧಕ್ಕೆ ಇಳಿಸಿ, ಬೆಳಗಿನ ಹತ್ತರೊಳಗೆ ಮುಗಿಸಿ. ನಿಮ್ಮ ಗುಂಪಿನಲ್ಲಿ ಯಾರಾದರೂ ಎಷ್ಟು ಸಾಧ್ಯವೋ ಅಷ್ಟು ನೀರು ಕುಡಿಯಿರಿ ಎಂದು ಕಳಿಸಿದರೆ, ಬಾಯಾರಿದಷ್ಟು ಕುಡಿಯಿರಿ, ಉಪ್ಪು ಮರೆಯಬೇಡಿ ಎಂದು ಒಂದು ಸಾಲಿನ ಉತ್ತರ ಬರೆಯಿರಿ.