ಜಗಲಿಯ ಮಾತು: ಪರದೆಯ ಮೂಲೆಯ ಗುರುತು

‘ರೇಟಿಂಗ್’ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಜನಕ್ಕೆ ನೆನಪಾಗುವುದು ಟಿ.ಆರ್.ಪಿ. ಯಾವ ಧಾರಾವಾಹಿಯನ್ನು ಎಷ್ಟು ಮನೆಯವರು ನೋಡಿದರು ಎಂಬ ಲೆಕ್ಕ ಅದು. ಜಾಹೀರಾತಿನವರಿಗೆ ಬೇಕಾದ ಲೆಕ್ಕ. ನಾವು ಈ ಸಲ ಬರೆಯಹೊರಟಿರುವುದು ಅದನ್ನು ಕುರಿತಲ್ಲ. ಈ ಕಾರ್ಯಕ್ರಮ ಎಷ್ಟು ವಯಸ್ಸಿನವರಿಗೆ ತಕ್ಕದ್ದು ಎಂದು ಪರದೆಯ ಮೂಲೆಯಲ್ಲಿ ಒಂದು ಅಕ್ಷರವನ್ನೋ ಅಂಕೆಯನ್ನೋ ತೋರಿಸುವ ಪದ್ಧತಿ ಹಲವು ದೇಶಗಳಲ್ಲಿದೆಯಷ್ಟೆ, ಅದನ್ನು ಕುರಿತು. ಮೊದಲನೆಯದು ಎಷ್ಟು ಮಂದಿ ನೋಡಿದರೆಂದು ಹೇಳುತ್ತದೆ. ಎರಡನೆಯದು ಯಾರು ನೋಡಬಾರದೆಂದು ಹೇಳುತ್ತದೆ. ಎರಡಕ್ಕೂ ಹೆಸರು ಒಂದೇ ಆಗಿರುವುದು ಇಂಗ್ಲಿಷಿನವರ ಬಡತನವೋ ತಮಾಷೆಯೋ ತಿಳಿಯದು.

ವಿಷಯ ಎತ್ತಿಕೊಳ್ಳಲು ಕಾರಣ, ಡೊಂಬಿವಲಿಯಿಂದ ನಮ್ಮ ಸಂಘದ ಸದಸ್ಯೆಯೊಬ್ಬರು ಬರೆದ ಕಾಗದ. ಗಂಡ ಹೆಂಡತಿ ಇಬ್ಬರೂ ಲೋಕಲ್ ಹಿಡಿದು ಕೆಲಸಕ್ಕೆ ಹೋಗುವವರು. ಮನೆಯಲ್ಲಿ ಅತ್ತೆಯವರು ಮತ್ತು ಒಂಬತ್ತು ವರ್ಷದ ಮಗ. ಸಂಜೆ ಅಜ್ಜಿಯ ಕನ್ನಡ ಧಾರಾವಾಹಿಗಳು ಶುರುವಾದವೆಂದರೆ ಮೊಮ್ಮಗನೂ ಪಕ್ಕದಲ್ಲಿ ಹಾಜರು. ಒಂದು ವಾರವಿಡೀ ಸೊಸೆಯ ಹಾಲಿಗೆ ವಿಷ ಬೆರೆಸುವ ಪ್ರಸಂಗ ನಡೆಯಿತಂತೆ. ಹುಡುಗ ಹಾಲು ಕುಡಿಯುವುದನ್ನೇ ಬಿಟ್ಟ. ತಾಯಿ ಟಿ.ವಿ. ಆರಿಸಿದರೆ ಅತ್ತೆಯವರಿಗೆ ಮುನಿಸು. “ಮಗು ನಾಲ್ಕು ಮಾತು ಕನ್ನಡ ಆಡುತ್ತಿರುವುದೇ ಇದರಿಂದ. ಶಾಲೆಯಲ್ಲಿ ಇಂಗ್ಲಿಷು, ಅಂಗಳದಲ್ಲಿ ಮರಾಠಿ. ಇದನ್ನೂ ಕಿತ್ತುಕೊಂಡರೆ ನಾಳೆ ನನ್ನ ಹತ್ತಿರ ಏನು ಮಾತಾಡುತ್ತಾನಮ್ಮ?” ಎಂದರಂತೆ. ಅಮೆರಿಕದಲ್ಲಿರುವ ಅಕ್ಕನ ಮನೆಯ ಟಿ.ವಿ.ಯಲ್ಲಿ ವಯಸ್ಸಿನ ಗುರುತು ಬರುತ್ತದೆ, ನಮ್ಮಲ್ಲಿ ಏಕೆ ಬರುವುದಿಲ್ಲ ಎಂದು ಸದಸ್ಯೆಯವರ ಪ್ರಶ್ನೆ. ಅತ್ತೆಯವರ ಮಾತಿನಲ್ಲೂ ಹುರುಳಿದೆ, ಸೊಸೆಯ ಅಂಜಿಕೆಯೂ ಸುಳ್ಳಲ್ಲ. ನ್ಯಾಯ ಹೇಳಲು ನಾವು ಅಷ್ಟು ದೊಡ್ಡವರಲ್ಲ. ಹೊರಗಿನವರು ಏನು ಮಾಡಿದ್ದಾರೆಂಬುದನ್ನು ಮಾತ್ರ ಓದಿ ತಿಳಿದಷ್ಟು ಹೇಳುತ್ತೇವೆ.

ಮೊದಲಿಗೆ ಇಂಗ್ಲೆಂಡಿನವರು ಮಾಡಿದ್ದು ಬಹಳ ಸರಳವಾದ ಏರ್ಪಾಡು. ಸಂಜೆ 6 ಗಂಟೆಯಿಂದ 7ರ ವರೆಗೆ ಟೆಲಿವಿಷನ್ನನ್ನೇ ನಿಲ್ಲಿಸಿಬಿಡುತ್ತಿದ್ದರು! ಆ ಒಂದು ತಾಸಿನಲ್ಲಿ ತಾಯಂದಿರು ಚಿಕ್ಕ ಮಕ್ಕಳನ್ನು ಮಲಗಿಸಬೇಕು, ದೊಡ್ಡವರು ಪಾಠ ಓದಿಕೊಳ್ಳಬೇಕು. ‘ಕೂಸುಗಳ ಕದನವಿರಾಮ’ ಎಂಬ ಅರ್ಥ ಬರುವ ಹೆಸರು ಅದಕ್ಕೆ. 1955ರಲ್ಲಿ ಜಾಹೀರಾತಿನಿಂದ ನಡೆಯುವ ಟೆಲಿವಿಷನ್ ಅಲ್ಲಿ ಆರಂಭವಾಯಿತು. ದಿನಕ್ಕೊಂದು ತಾಸು ಅಂಗಡಿ ಮುಚ್ಚಿದರೆ ಯಾವ ವ್ಯಾಪಾರಿ ತಾಳಿಯಾನು? 1957ರ ಫೆಬ್ರವರಿಯಲ್ಲಿ ಆ ವಿರಾಮ ರದ್ದಾಯಿತು; ಮಕ್ಕಳನ್ನು ಮಲಗಿಸುವ ಭಾರ ತಾಯಂದಿರ ಪಾಲಿಗೇ ಉಳಿಯಿತು.

ಅನಂತರ ಅವರು ಕಂಡುಕೊಂಡದ್ದು ‘ವಾಟರ್‌ಶೆಡ್’. ಊರಿಗೆ ಹೋಗುವಾಗ ಸಹ್ಯಾದ್ರಿ ದಾಟಿದವರಿಗೆ ಈ ಮಾತು ಸುಲಭವಾಗಿ ತಿಳಿದೀತು. ನೆತ್ತಿಯ ಮೇಲೆ ಬಿದ್ದ ಮಳೆಯಲ್ಲಿ ಒಂದು ಪಾಲು ಪಡುವಣ ಕಡಲಿಗೆ ಇಳಿದರೆ ಇನ್ನೊಂದು ಪಾಲು ಮೂಡಣಕ್ಕೆ ಹರಿಯುತ್ತದೆ. ಹಾಗೆ ರಾತ್ರಿ 9 ಗಂಟೆ ಅವರ ನೆತ್ತಿ. ಅದಕ್ಕೆ ಮುಂಚೆ ಮನೆಮಂದಿಯೆಲ್ಲ ಕೂಡಿ ನೋಡಬಹುದಾದದ್ದು, 9ರಿಂದ ಬೆಳಗಿನ 5:30ರ ವರೆಗೆ ದೊಡ್ಡವರದು. ಸಿನಿಮಾಗಳಿಗೆ ಅಲ್ಲಿಯೂ ವಯಸ್ಸಿನ ಪ್ರಮಾಣಪತ್ರ ಉಂಟು; ಟೆಲಿವಿಷನ್ ಕಾರ್ಯಕ್ರಮಕ್ಕೆ ಮಾತ್ರ ಅಕ್ಷರವಿಲ್ಲ, ಅಂಕೆಯಿಲ್ಲ, ಗಡಿಯಾರವೇ ಮುದ್ರೆ. ನಿಯಮ ಮುರಿದ ಚಾನೆಲಿಗೆ ‘ಆಫ್‌ಕಾಮ್’ ಎಂಬ ಸಂಸ್ಥೆ ದಂಡ ಹಾಕಬಲ್ಲದು. ಜರ್ಮನಿಯವರೂ ಇದೇ ಹಾದಿಯವರು. 16 ವರ್ಷಕ್ಕೆ ಮೇಲ್ಪಟ್ಟವರದು ರಾತ್ರಿ 10ರ ಮೇಲೆ, 18ರದು 11ರ ಮೇಲೆ.

ಫ್ರಾನ್ಸಿನಲ್ಲಿ 1961ರಿಂದ, ಮಕ್ಕಳಿಗೆ ತಕ್ಕದ್ದಲ್ಲದ ಕಾರ್ಯಕ್ರಮ ಬಂದಾಗ ಪರದೆಯ ಮೂಲೆಯಲ್ಲಿ ಬಿಳಿಯ ಚೌಕವೊಂದನ್ನು ಇಡುತ್ತಿದ್ದರು. ಕಛೇರಿಯಲ್ಲಿ ಕೆಲಸ ಮಾಡುವ ನಮಗೆ ಇದರ ಫಲ ಊಹಿಸುವುದು ಕಷ್ಟವಲ್ಲ. ಯಾವ ಫೈಲಿನ ಮೇಲೆ ‘ಗುಪ್ತ’ ಎಂಬ ಶಿಕ್ಕಾ ಬಿದ್ದಿದೆಯೋ ಅದನ್ನು ಸಿಪಾಯಿಯಿಂದ ಹಿಡಿದು ಎಲ್ಲರೂ ಓದಿರುತ್ತಾರೆ. ಈಗ ಅಲ್ಲಿ ಚೌಕ ಹೋಗಿ 10, 12, 16, 18 ಎಂಬ ಅಂಕೆಗಳು ಬಂದಿವೆ.

ಇನ್ನು ಅಮೆರಿಕದ ಕಥೆ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಅಕ್ಕನ ಮನೆಯ ಗುರುತು ಅಲ್ಲಿಯದೇ. ಆದರೆ ಅದರ ಬೇರು ನೆರೆಯ ಕೆನಡದಲ್ಲಿದೆ. 1989ರ ಡಿಸೆಂಬರಿನಲ್ಲಿ ಮಾಂಟ್ರಿಯಲ್ ನಗರದ ಎಂಜಿನಿಯರಿಂಗ್ ವಿದ್ಯಾಲಯವೊಂದಕ್ಕೆ ಬಂದೂಕು ಹಿಡಿದು ನುಗ್ಗಿದವನೊಬ್ಬ 14 ಮಂದಿ ಹೆಂಗಸರನ್ನು ಕೊಂದ. ಆ ದೇಶವೇ ತತ್ತರಿಸಿತು. ಅಲ್ಲಿನ ಎಂಜಿನಿಯರಿಂಗ್ ಅಧ್ಯಾಪಕ ಟಿಮ್ ಕಾಲಿಂಗ್ಸ್ ಎಂಬವರು, ಹಿಂಸೆಯ ದೃಶ್ಯಗಳು ಮನೆಯೊಳಗೆ ಬರದಂತೆ ತಡೆಯುವ ಒಂದು ಸಾಧನವನ್ನು ತಮ್ಮ ಕೈಲಾದಷ್ಟು ಮಾಡೋಣವೆಂದು ಹೊರಟರು. ಅದೇ ‘ವಿ-ಚಿಪ್’. ಕೆಲಸ ಮಾಡುವ ಬಗೆ ಹೀಗೆ: ಕಿವುಡರಿಗಾಗಿ ಪರದೆಯ ಕೆಳಗೆ ಮಾತುಗಳನ್ನು ಅಚ್ಚುಮಾಡುವುದುಂಟಷ್ಟೆ. ಆ ಅಕ್ಷರಗಳು ಚಿತ್ರದ ಜೊತೆ ಯಾವ ಗುಪ್ತ ಗೆರೆಯಲ್ಲಿ ಬರುತ್ತಿದ್ದವೋ ಅದೇ ಗೆರೆಯಲ್ಲಿ ಕಾರ್ಯಕ್ರಮದ ವಯಸ್ಸಿನ ಗುರುತನ್ನೂ ಕಳುಹಿಸುವುದು. ತಾಯಿತಂದೆಯರು ಇಂಥ ಮಟ್ಟಕ್ಕಿಂತ ಮೇಲಿನದು ಬೇಡವೆಂದು ಸೆಟ್ಟಿಗೆ ಮೊದಲೇ ಹೇಳಿಟ್ಟಿದ್ದರೆ, ಗುರುತನ್ನು ಓದಿಕೊಂಡು ಪರದೆ ತಾನೇ ಕತ್ತಲಾಗುತ್ತದೆ.

1996ರಲ್ಲಿ ಅಮೆರಿಕ ಇದನ್ನು ಕಾಯಿದೆಗೆ ಸೇರಿಸಿತು. 2000ದ ಜನವರಿಯಿಂದ 13 ಇಂಚು ಮತ್ತು ಅದಕ್ಕೂ ದೊಡ್ಡ ಸೆಟ್ಟುಗಳಲ್ಲೆಲ್ಲ ವಿ-ಚಿಪ್ ಕಡ್ಡಾಯ. ಆದರೆ ಗುರುತು ಹಾಕುವವರು ಯಾರು? ಸರಕಾರವಲ್ಲ. ಕಾರ್ಯಕ್ರಮ ಮಾಡುವವರೇ, ಬಿತ್ತರಿಸುವವರೇ. 1997ರಿಂದ ಆರಂಭವಾದ ಆ ಪದ್ಧತಿಯಲ್ಲಿ ಪುಟ್ಟ ಮಕ್ಕಳಿಗೆ ‘ಟಿವಿ-ವೈ’, ಏಳು ವರ್ಷದ ಮೇಲಿನವರಿಗೆ ‘ಟಿವಿ-ವೈ7’, ಎಲ್ಲರಿಗೂ ‘ಟಿವಿ-ಜಿ’, ಹಿರಿಯರು ಜೊತೆಗಿರಬೇಕಾದದ್ದಕ್ಕೆ ‘ಟಿವಿ-ಪಿಜಿ’, 14ರ ಮೇಲಿನದು ಒಂದು, ದೊಡ್ಡವರದು ಒಂದು. ವಯಸ್ಸು ಹೇಳಿದರೆ ಸಾಲದು, ಒಳಗೇನಿದೆಯೆಂಬುದನ್ನೂ ಹೇಳಿ ಎಂದು ತಾಯಂದಿರು ಗಲಾಟೆ ಮಾಡಿದ ಮೇಲೆ ಅದೇ ವರ್ಷ ಹಿಂಸೆ, ಕೆಟ್ಟ ಮಾತು, ಕಾಮ ಇತ್ಯಾದಿಗಳಿಗೆ ಬೇರೆ ಬೇರೆ ಅಕ್ಷರಗಳೂ ಸೇರಿದವು. ಸುದ್ದಿಗೂ ಆಟೋಟಗಳಿಗೂ ಗುರುತಿಲ್ಲ. ಮಗು ನಿಜವಾಗಿ ಬೆಚ್ಚಿಬೀಳುವುದು ಸುದ್ದಿ ನೋಡಿ ಎಂಬುದನ್ನು ಅಲ್ಲಿ ಯಾರೂ ಯೋಚಿಸಿದಂತೆ ಕಾಣದು.

ಈ ಪದ್ಧತಿ ಬಂದ ಎರಡನೆಯ ತಿಂಗಳಲ್ಲೇ ಒಂದು ಪ್ರಸಂಗ ನಡೆಯಿತು. 1997ರ ಫೆಬ್ರವರಿಯಲ್ಲಿ ಎನ್.ಬಿ.ಸಿ. ಜಾಲದವರು ‘ಶಿಂಡ್ಲರ್ಸ್ ಲಿಸ್ಟ್’ ಚಿತ್ರವನ್ನು ಬಹುಮಟ್ಟಿಗೆ ಕತ್ತರಿ ಹಾಕದೆ ತೋರಿಸಿದರು. ಯೆಹೂದ್ಯರ ನರಮೇಧದ ಕಥೆ. ಬೆತ್ತಲೆ ನಿಲ್ಲಿಸಿದ ಕೈದಿಗಳು, ಕೊಲೆ, ಎಲ್ಲವೂ ಅದರಲ್ಲಿದೆ. ದೊಡ್ಡ ಜಾಲಗಳ ಕಾರ್ಯಕ್ರಮಗಳಲ್ಲಿ ಎಲ್ಲಕ್ಕಿಂತ ಕಟ್ಟುನಿಟ್ಟಾದ ಗುರುತು ಮೊದಲು ಬಿದ್ದದ್ದು ಅದಕ್ಕೇ. ಆದರೂ ಟಾಮ್ ಕೋಬರ್ನ್ ಎಂಬ ಸಂಸದರು, ಟೆಲಿವಿಷನ್ ಪಾತಾಳಕ್ಕಿಳಿಯಿತೆಂಬಂತೆ ಖಂಡಿಸಿದರು. ಅವರ ಪಕ್ಷದವರೇ ತಿರುಗಿಬಿದ್ದಾಗ ಕ್ಷಮೆ ಕೇಳಿದರು. ನಮಗೆ ಇಲ್ಲಿ ಕಾಣುವುದಿಷ್ಟು. ಬೆತ್ತಲೆ ದೇಹವಿದೆಯೇ, ರಕ್ತವಿದೆಯೇ ಎಂದು ಗುರುತು ಹೇಳಬಲ್ಲದು. ಅದು ಏತಕ್ಕಾಗಿ ಇದೆ ಎಂದು ಹೇಳಲಾರದು. ಹಾಲಿಗೆ ವಿಷ ಬೆರೆಸುವ ಸೀರೆಯುಟ್ಟ ಮಹಿಳೆಯಲ್ಲಿ ರಕ್ತವೂ ಇಲ್ಲ, ಬೆತ್ತಲೆಯೂ ಇಲ್ಲ. ಅಕ್ಷರ ಹುಡುಕುವವನಿಗೆ ಅಲ್ಲಿ ಏನೂ ಸಿಗದೆ ಹೋದೀತು.

ಇಷ್ಟೆಲ್ಲ ಮಾಡಿ ಫಲವೇನಾಯಿತು? 2004ರಲ್ಲಿ ಕೈಸರ್ ಫ್ಯಾಮಿಲಿ ಫೌಂಡೇಷನ್ ಎಂಬ ಸಂಸ್ಥೆಯವರು ವಿಚಾರಿಸಿ ನೋಡಿದಾಗ ವಿ-ಚಿಪ್ಪನ್ನು ಬಳಸಿದ್ದ ತಾಯಿತಂದೆಯರು ನೂರಕ್ಕೆ 15 ಮಾತ್ರ. ಅನೇಕರಿಗೆ ತಮ್ಮ ಸೆಟ್ಟಿನಲ್ಲಿ ಅದು ಇದೆಯೆಂಬುದೇ ಗೊತ್ತಿರಲಿಲ್ಲ. ಮಕ್ಕಳ ಕಾರ್ಯಕ್ರಮಗಳಲ್ಲಿ ಕಾಲ್ಪನಿಕ ಹೊಡೆದಾಟವಿದೆ ಎಂದು ಎಚ್ಚರಿಸಲು ‘ಎಫ್‌ವಿ’ ಎಂಬ ಅಕ್ಷರಗಳಿವೆ, ‘ಫ್ಯಾಂಟಸಿ ವಯಲೆನ್ಸ್’. ಅದನ್ನು ‘ಫ್ಯಾಮಿಲಿ ವ್ಯೂಯಿಂಗ್’ ಎಂದು ತಿಳಿದು ನೆಮ್ಮದಿಯಿಂದ ಮಕ್ಕಳನ್ನು ಕೂರಿಸಿದವರೂ ಇದ್ದರು!

ಈ ದೃಷ್ಟಿಯಿಂದ ನಮಗೆ ಹಿಡಿಸಿದ್ದು ಹಾಲೆಂಡಿನವರ ಏರ್ಪಾಡು. ‘ಕೈಕ್‌ವೈಜರ್’ ಎಂದು ಹೆಸರು, 2001ರಿಂದ ನಡೆದುಬಂದಿದೆ. ಅಲ್ಲಿಯೂ ಗುರುತು ಹಾಕುವವರು ಚಾನೆಲಿನವರೇ. ಆದರೆ ತಮಗೆ ತೋಚಿದಂತೆ ಹಾಕುವಂತಿಲ್ಲ. ತರಬೇತಿ ಪಡೆದವರು ಕಾರ್ಯಕ್ರಮ ನೋಡಿ ಒಂದು ಉದ್ದನೆಯ ಪ್ರಶ್ನಾವಳಿ ತುಂಬಬೇಕು. ಹೊಡೆತ ಇದೆಯೇ? ನಿಜದಂತೆ ಕಾಣುತ್ತದೆಯೇ? ಗಾಯ ತೋರಿಸಿದ್ದಾರೆಯೇ? ಉತ್ತರಗಳನ್ನು ಕೂಡಿಸಿ ಯಂತ್ರವೇ ವಯಸ್ಸನ್ನು ಹೇಳುತ್ತದೆ. ಯಾರಾದರೂ ದೂರು ಕೊಟ್ಟರೆ ವಿಚಾರಣೆ ನಡೆದು, ತಪ್ಪು ಗುರುತು ಹಾಕಿದ್ದರೆ ದಂಡ. ಎಲ್ಲಕ್ಕಿಂತ ಮುಖ್ಯ, ಅಕ್ಷರದ ಬದಲು ಚಿತ್ರಗಳು. ಹಿಂಸೆಗೆ ಬಿಗಿದ ಮುಷ್ಟಿ, ಹೆದರಿಕೆಗೆ ಜೇಡರಹುಳು, ಕಾಮಕ್ಕೆ ಎರಡು ಜೊತೆ ಪಾದಗಳು. ಓದುಬರಹ ಬಾರದ ಅಜ್ಜಿಗೂ ತಿಳಿಯುತ್ತದೆ, ಕನ್ನಡ ಓದಲು ಬಾರದ ಮೊಮ್ಮಗನಿಗೂ ತಿಳಿಯುತ್ತದೆ. ‘ಹೆದರಿಕೆ’ ಎಂಬುದನ್ನೇ ಬೇರೆ ಎಣಿಸಿರುವುದು ನೋಡಿ. ಡೊಂಬಿವಲಿಯ ಹುಡುಗನ ಹಾಲಿಗೆ ಒಂದು ಜೇಡ ಸಿಕ್ಕಿದ್ದರೂ ಸಿಗಬಹುದಿತ್ತು. ತುರ್ಕಿಯವರು 2006ರಲ್ಲಿ ಇದೇ ಮಾದರಿಯನ್ನು ತೆಗೆದುಕೊಂಡರು.

ಬ್ರೆಜಿಲಿನದು ಬಣ್ಣದ ಪದ್ಧತಿ. ಎಲ್ಲರಿಗೂ ಹಸಿರು, 10ಕ್ಕೆ ನೀಲಿ, 12ಕ್ಕೆ ಹಳದಿ, ಹೀಗೆ ಏರುತ್ತ 18ಕ್ಕೆ ಕಪ್ಪು. ಅಲ್ಲಿ ಇದು ನ್ಯಾಯಾಂಗ ಮಂತ್ರಾಲಯದ ಕೆಲಸ. ಇಂಥ ಬಣ್ಣದ್ದು ಇಂಥ ಗಂಟೆಯ ಮೇಲೆಯೇ ಬರಬೇಕೆಂಬ ಕಟ್ಟೂ ಇತ್ತು. ಮೀರಿದ ಚಾನೆಲಿಗೆ ದಂಡ ಹಾಕುವುದು ವಾಕ್‌ಸ್ವಾತಂತ್ರ್ಯಕ್ಕೆ ವಿರೋಧವೆಂದು 2016ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹೇಳಿತು. ಗುರುತು ಉಳಿಯಿತು, ಗಂಟೆಯ ಬಲ ಹೋಯಿತು.

ಇನ್ನು ನಮ್ಮ ದೇಶ. ಸಿನಿಮಾಕ್ಕೆ 1952ರ ಕಾಯಿದೆ ಇದೆ, ‘ಯು’, ‘ಯು/ಎ’, ‘ಎ’ ಎಂಬ ಪ್ರಮಾಣಪತ್ರಗಳಿವೆ. 2023ರ ತಿದ್ದುಪಡಿಯಿಂದ ‘ಯು/ಎ’ ಒಡೆದು 7, 13, 16 ಎಂದು ಮೂರಾಗಿದೆ. ‘ಎ’ ಚಿತ್ರಗಳನ್ನು ಟಿ.ವಿ.ಯಲ್ಲಿ ತೋರಿಸುತ್ತಿದ್ದುದರ ವಿರುದ್ಧ ನಮ್ಮ ಮುಂಬಯಿಯ ಅಧ್ಯಾಪಕಿಯೊಬ್ಬರೇ ಬಾಂಬೆ ಹೈಕೋರ್ಟಿನ ಮೆಟ್ಟಿಲು ಹತ್ತಿ, 2006ರ ಹೊತ್ತಿಗೆ ಅದಕ್ಕೆ ತಡೆ ತಂದರು. ಒಬ್ಬ ಹೆಂಗಸು ಹಟ ಹಿಡಿದರೆ ಏನಾಗಬಹುದೆಂಬುದಕ್ಕೆ ಈ ಮಾತು.

ಧಾರಾವಾಹಿಗೆ ಮಾತ್ರ ಪ್ರಮಾಣಪತ್ರವೂ ಇಲ್ಲ, ಮೂಲೆಯ ಗುರುತೂ ಇಲ್ಲ. ಕೇಬಲ್ ಟೆಲಿವಿಷನ್ನಿನ 1994ರ ನಿಯಮಗಳಲ್ಲಿ ಕಾರ್ಯಕ್ರಮ ಸಂಹಿತೆ ಎಂಬುದೊಂದಿದೆ. ಮಕ್ಕಳಿಗೆ ತಕ್ಕದ್ದಲ್ಲದ್ದನ್ನು ಹೆಚ್ಚು ಮಕ್ಕಳು ನೋಡುವ ಹೊತ್ತಿನಲ್ಲಿ ತೋರಿಸಕೂಡದೆಂದು ಅದರಲ್ಲಿ ಬರೆದಿದೆ; ಆ ಹೊತ್ತು ಯಾವುದೆಂದು ಬರೆದಿಲ್ಲ. ಚಾನೆಲಿನವರ ಒಕ್ಕೂಟ ತಾನೇ ಹಾಕಿಕೊಂಡ ಕಟ್ಟಿನಂತೆ ದೊಡ್ಡವರ ಕಾರ್ಯಕ್ರಮ ರಾತ್ರಿ 11ರಿಂದ ಬೆಳಗಿನ 5ರ ವರೆಗೆ. ಆದರೆ ಧಾರಾವಾಹಿಗಳು ಸರ್ವರದೆಂದೇ ಲೆಕ್ಕ. ಇನ್ನೊಂದು ವಿಚಿತ್ರ ಕೇಳಿ. 2021ರ ನಿಯಮಗಳ ಪ್ರಕಾರ ಓ.ಟಿ.ಟಿ.ಯಲ್ಲಿ ಬರುವುದಕ್ಕೆಲ್ಲ ‘ಯು’, ‘ಯು/ಎ 7+’, ‘13+’, ‘16+’, ‘ಎ’ ಎಂಬ ಗುರುತು ಇರಬೇಕು. 13ರಿಂದ ಮೇಲಿನದಕ್ಕೆ ಬೀಗದ ಅನುಕೂಲ ಕೊಡಬೇಕು. ಹೀಗಾಗಿ ಅದೇ ಧಾರಾವಾಹಿಯನ್ನು ಫೋನಿನ ಓ.ಟಿ.ಟಿ.ಯಲ್ಲಿ ನೋಡಿದರೆ ಅದಕ್ಕೊಂದು ವಯಸ್ಸು, ಗೋಡೆಯ ಟಿ.ವಿ.ಯಲ್ಲಿ ನೋಡಿದರೆ ಅದಕ್ಕೆ ವಯಸ್ಸೇ ಇಲ್ಲ!

ಸೆಟ್‌ಟಾಪ್ ಪೆಟ್ಟಿಗೆಗೂ ಬೀಗವಿದೆಯಲ್ಲ ಎಂದು ಕೆಲವರು ಹೇಳಿಯಾರು. ಇದೆ, ನಾಲ್ಕು ಅಂಕೆಯ ಪಿನ್. ಆದರೆ ಕಾರ್ಯಕ್ರಮಕ್ಕೆ ಗುರುತೇ ಇಲ್ಲದ ಮೇಲೆ ಪೆಟ್ಟಿಗೆ ಯಾವುದನ್ನು ಓದಿಕೊಂಡು ತಡೆದೀತು? ಸಾಮಾನ್ಯವಾಗಿ ಇಡೀ ಚಾನೆಲನ್ನೇ ಮುಚ್ಚಬೇಕಾಗುತ್ತದೆ. ವಿಷದ ಹಾಲಿನ ಜೊತೆಗೆ ಹಾಡಿನ ಸ್ಪರ್ಧೆಯೂ ಹೋಯಿತು, ಮಕ್ಕಳ ನಾಟಕವೂ ಹೋಯಿತು, ಅಜ್ಜಿಯ ಕನ್ನಡವೂ ಹೋಯಿತು. ಊರಿನಲ್ಲಿದ್ದವರಿಗೆ ಅದೊಂದು ಚಾನೆಲು. ಒಂದು ಖೋಲಿ, ಒಂದು ಅಡಿಗೆಮನೆಯಲ್ಲಿ ಸಂಸಾರ ಮಾಡುವ ನಮಗೆ ಅದೇ ಬೀದಿ, ಅದೇ ಜಾತ್ರೆ, ಅದೇ ನೆರೆಮನೆ. ಆದ್ದರಿಂದ ಬೀಗ ಹಾಕಿರಿ ಎಂದು ಸದಸ್ಯೆಯವರಿಗೆ ನಾವು ಹೇಳಲಾರೆವು. ಹುಡುಗನ ಅಜ್ಜಿಯನ್ನೇ ‘ಕೈಕ್‌ವೈಜರ್’ ಮಾಡಿರಿ ಎಂದು ಹೇಳುತ್ತೇವೆ. ಪ್ರಶ್ನಾವಳಿ ಅವರಿಗೆ ಬೇಡ. ನಾಳೆ ಏನು ನಡೆಯುತ್ತದೆಂದು ಧಾರಾವಾಹಿಯವರಿಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ವಿಷದ ದಿನ ಮೊಮ್ಮಗನನ್ನು ಅರ್ಧ ತಾಸು ಕೆಳಗೆ ಆಡಲು ಕಳುಹಿಸಿ, ಹಾಡಿನ ದಿನ ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಸೊಸೆ ಆರಿಸಿದರೆ ಅವಮಾನವೆನಿಸುವುದು ಅತ್ತೆಯ ಕೈಗೇ ಕೊಟ್ಟರೆ ಅಧಿಕಾರವಾಗುತ್ತದೆ.

ಚಾನೆಲಿನವರಿಗೆ ಕೇಳುವ ಮಾತೂ ಇದೆ. 2021ರಲ್ಲಿ ಕೇಬಲ್ ನಿಯಮಗಳಿಗೆ ಸೇರಿಸಿದ ಭಾಗದ ಪ್ರಕಾರ ಪ್ರತಿ ಚಾನೆಲಿನಲ್ಲೂ ದೂರು ಕೇಳುವ ಅಧಿಕಾರಿಯೊಬ್ಬರು ಇರಬೇಕು. ಕಾರ್ಯಕ್ರಮದ ಹೆಸರು, ತಾರೀಖು, ಗಂಟೆ, ತೋರಿಸಿದ್ದೇನು, ಮಗುವಿಗೆ ಆದದ್ದೇನು, ಇಷ್ಟನ್ನು ಬರೆದು ಕಳುಹಿಸಿದರೆ 24 ಗಂಟೆಯೊಳಗೆ ಪೋಚು ಕೊಟ್ಟು 15 ದಿನದೊಳಗೆ ತೀರ್ಮಾನ ತಿಳಿಸಬೇಕು. (ನಮ್ಮ ಕಛೇರಿಗೆ ಈ ನಿಯಮ ಅನ್ವಯಿಸದಿರುವುದು ನಮ್ಮ ಪುಣ್ಯ.) ತೃಪ್ತಿಯಾಗದಿದ್ದರೆ ಚಾನೆಲುಗಳ ಸ್ವನಿಯಂತ್ರಣ ಮಂಡಳಿಗೆ ಮೇಲ್ಮನವಿ, ಮನರಂಜನೆಯ ಚಾನೆಲುಗಳಿಗೆ 2011ರಲ್ಲಿ ಸ್ಥಾಪನೆಯಾದ ಬಿ.ಸಿ.ಸಿ.ಸಿ. ಎಂಬುದಿದೆ. ಕಾಗದದ ಒಂದು ಪ್ರತಿಯನ್ನು ಇಟ್ಟುಕೊಂಡಿರಬೇಕು. ಬರೆಯಲು ತೊಡಕೆನಿಸಿದವರು ಭಾನುವಾರ ಸಂಜೆ ಸಂಘದ ವಾಚನಾಲಯಕ್ಕೆ ಬಂದರೆ ಕರಡು ಹಾಕಿಕೊಡಲು ನಾವು ಸಿದ್ಧರಿದ್ದೇವೆ.