ಒಂದೇ ದನಿ, ಬೇರೆ ಬೇರೆ ತಾಳ

ವಚನಕ್ಕೆ ಡ್ರಮ್ಮು, ಕೀಬೋರ್ಡು ಕೂಡಿಸಿದ ಧ್ವನಿಮುದ್ರಿಕೆ ಕೇಳಿಬಂದೊಡನೆ ಹಿರಿಯರು ಮುಖ ಸಿಂಡರಿಸುವುದನ್ನೂ, ಕಿರಿಯರು ಅದನ್ನೇ ಮತ್ತೆ ಮತ್ತೆ ಹಾಕುವುದನ್ನೂ ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಕಾಣುತ್ತೇವೆ. ಈ ವ್ಯಾಜ್ಯಕ್ಕೆ ಬೆಳಕು ನೀಡಬಲ್ಲ ಹಾಡೊಂದು ದೂರದ ಅಮೆರಿಕದಲ್ಲಿದೆ. ಅದು ಭಕ್ತಿಗೀತೆಯಲ್ಲ, ಪ್ರೇಮಗೀತೆ. ಓದುಗ ಬಂಧುಗಳು ಮುನಿಯಬಾರದು.

ಅಲ್ಲಿನ ಕಪ್ಪು ಜನರ ಇಗರ್ಜಿಗಳ ಪ್ರಾರ್ಥನಾಗಾಯನದಿಂದ ‘ಸೋಲ್’ ಎಂಬ ಸಂಗೀತ ಹುಟ್ಟಿತು. ದೇವರನ್ನು ಕರೆಯುತ್ತಿದ್ದ ಧಾಟಿಯಲ್ಲಿಯೇ ಪ್ರಿಯರನ್ನು ಕರೆಯತೊಡಗಿದಾಗ ಅಲ್ಲಿಯೂ ಹಿರಿಯರು ಸಿಟ್ಟಾದರು. ಶರಣಸತಿ ಲಿಂಗಪತಿ ಎಂಬ ಭಾವವನ್ನು ಬಲ್ಲ ನಮಗೆ ಭಕ್ತಿಯ ಮಾತೂ ಪ್ರೇಮದ ಮಾತೂ ನೆರೆಮನೆಯವು ಎಂಬುದು ಹೊಸ ಸಂಗತಿಯೇನಲ್ಲ.

ಈ ಪರಂಪರೆಯ ಬಿಲ್ ವಿದರ್ಸ್ 1938ರಲ್ಲಿ ಪಶ್ಚಿಮ ವರ್ಜೀನಿಯಾದ ಸ್ಲ್ಯಾಬ್ ಫೋರ್ಕ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ ಹುಟ್ಟಿದರು. ಬಾಲ್ಯದಲ್ಲಿಯೇ ತಂದೆ ತೀರಿಕೊಂಡರು. ಮಾತಿನಲ್ಲಿ ಉಗ್ಗು ಬೇರೆ. ಒಂಬತ್ತು ವರ್ಷ ನೌಕಾಪಡೆಯಲ್ಲಿ ದುಡಿದು, ಬಳಿಕ ವಿಮಾನಗಳ ಶೌಚಾಲಯದ ಆಸನಗಳನ್ನು ತಯಾರಿಸುವ ಕಾರ್ಖಾನೆಯನ್ನು ಸೇರಿದರು. ಮೊದಲ ಸಂಪುಟ 1971ರಲ್ಲಿ ಬಂದಾಗಲೂ ಅವರು ಆ ಕೆಲಸವನ್ನು ಬಿಟ್ಟಿರಲಿಲ್ಲ. ಸಂಪುಟದ ಹೊದಿಕೆಯ ಚಿತ್ರದಲ್ಲಿ ಅವರು ಕಾರ್ಖಾನೆಯ ಬಳಿ ಬುತ್ತಿಯ ಪೆಟ್ಟಿಗೆ ಹಿಡಿದು ನಿಂತಿದ್ದಾರೆ. ಹಾಡಿನ ವ್ಯಾಪಾರವನ್ನು ನಂಬದೆ ಕೈಕೆಲಸವನ್ನು ನಂಬಿದ ಈ ಮನುಷ್ಯ ಕಾಯಕದ ಮಾತು ಕೇಳಿ ಬೆಳೆದ ನಮಗೆ ಹತ್ತಿರದವರೆನಿಸಿದರೆ ಆಶ್ಚರ್ಯವಿಲ್ಲ.

1977ರಲ್ಲಿ ಅವರು ಸ್ಕಿಪ್ ಸ್ಕಾರ್ಬರೋ ಅವರೊಡನೆ ರಚಿಸಿದ ‘ಲವ್ಲಿ ಡೇ’ ಬಿಡಿ ಮುದ್ರಿಕೆಯಾಗಿ ಹೊರಬಂದಿತು. ಬೆಳಗಿನ ಭಾರವಾದ ಮನಸ್ಸು ಪ್ರಿಯರ ಮುಖ ಕಂಡೊಡನೆ ಹಗುರಾಗುವುದೇ ಅದರ ವಸ್ತು. ಕೊನೆಯಲ್ಲಿ ವಿದರ್ಸ್ ಒಂದೇ ಸ್ವರವನ್ನು ಸುಮಾರು 18 ಸೆಕೆಂಡು ಹಿಡಿದು ನಿಲ್ಲಿಸುತ್ತಾರೆ. ಉಗ್ಗಿನಿಂದ ಬಳಲಿದ ನಾಲಗೆಗೆ ಇಷ್ಟು ದೀರ್ಘವಾದ ಉಸಿರು!

ರೆಕಾರ್ಡಿಂಗ್ ಶಾಲೆಯಲ್ಲಿ ಗಾಯಕನ ದನಿ, ತಾಳವಾದ್ಯ, ತಂತಿವಾದ್ಯ ಇವನ್ನು ಆಗ ಒಂದೇ ಟೇಪಿನ ಬೇರೆ ಬೇರೆ ಪಟ್ಟಿಗಳಲ್ಲಿ ಹಿಡಿದಿಡುತ್ತಿದ್ದರು. ಆದುದರಿಂದ ವರ್ಷಗಳ ನಂತರವೂ ದನಿಯನ್ನು ಹಾಗೆಯೇ ಇಟ್ಟು, ತಾಳವನ್ನು ಮಾತ್ರ ಕಿತ್ತು ಬೇರೆಯದನ್ನು ಹೊಸೆಯಬಹುದು. ಇದೇ ರೀಮಿಕ್ಸ್. 1988ರಲ್ಲಿ ಬೆನ್ ಲೀಬ್ರಾಂಡ್ ಎಂಬ ಡಚ್ ಕಲಾವಿದ ಈ ಹಾಡಿಗೆ ನೃತ್ಯಶಾಲೆಗೊಪ್ಪುವ ಭಾರಿ ತಾಳವನ್ನು ಕೊಟ್ಟರು. ಬ್ರಿಟನ್ನಿನ ಜನಪ್ರಿಯತೆಯ ಪಟ್ಟಿಯಲ್ಲಿ ಮೂಲ ಹಾಡು 7ನೆಯ ಸ್ಥಾನದವರೆಗೆ ಏರಿತ್ತು. ಇದು 4ನೆಯ ಸ್ಥಾನ ಮುಟ್ಟಿತು. ವಿದರ್ಸ್ ಮಾತ್ರ 1985ರ ಸಂಪುಟದ ಬಳಿಕ ಧ್ವನಿಮುದ್ರಣದ ಲೋಕಕ್ಕೆ ಬೆನ್ನು ತಿರುಗಿಸಿದ್ದರು. 2020ರ ಮಾರ್ಚ್ 30ರಂದು ಅವರು ನಿಧನರಾದರು.

ಮೂಲವೇ ಮೇಲೆಂದು ನಮ್ಮ ಅಭಿಪ್ರಾಯ. ಅದರ ಬಿಡುವು ಹೊಸದರಲ್ಲಿಲ್ಲ. ಆದರೂ ದನಿ ಅದೇ, ಮಾತು ಅದೇ, ಕೇಳುವವರಿಗೆ ಹಾಡು ಯಾರದೆಂಬ ಸಂಶಯ ಹುಟ್ಟುವುದಿಲ್ಲ.

ವಚನಗಳ ವಿಷಯಕ್ಕೆ ಬರೋಣ. ಶರಣರು ಅವನ್ನು ಯಾವ ಧಾಟಿಯಲ್ಲಿ ನುಡಿದರೆಂಬುದಕ್ಕೆ ಸ್ವರಲಿಪಿ ಉಳಿದಿಲ್ಲ. ಮಲ್ಲಿಕಾರ್ಜುನ ಮನಸೂರ ಅವರು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿದ ವಚನಗಳೂ ತಮ್ಮ ಕಾಲದ ಹೊಸ ಉಡುಗೆಯೇ ಆಗಿದ್ದವು. ಇಂದು ನಮಗೆ ಅವೇ ಸಂಪ್ರದಾಯ. ಹೀಗಿರಲು ರಾಗತಾಳಗಳಿಗಾಗಿ ಜಗಳವಾಡುವುದು ವ್ಯರ್ಥ. ಅಂಕಿತದ ಮಾತು ಹಾಗಲ್ಲ. ಬಸವಣ್ಣನವರ ಅಂಕಿತವನ್ನು ಬದಲಿಸಿ ಅಚ್ಚಾದ ‘ಬಸವ ವಚನ ದೀಪ್ತಿ’ಯನ್ನು 1998ರಲ್ಲಿ ರಾಜ್ಯ ಸರ್ಕಾರ ನಿಷೇಧಿಸಿತು, 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಲ್ಲಿ ಬದಲಾದದ್ದು ತಾಳವಲ್ಲ, ದನಿಯೇ.

ಆದುದರಿಂದ ಹಿರಿಯರಲ್ಲಿ ನಮ್ಮ ಕೋರಿಕೆ ಇಷ್ಟೆ: ಮಕ್ಕಳು ಹಾಕಿದ ಮುದ್ರಿಕೆಯನ್ನು ಅರ್ಧಕ್ಕೆ ನಿಲ್ಲಿಸದೆ ಕೊನೆಯವರೆಗೆ ಕೇಳಿರಿ. ಅಂಕಿತ ತಪ್ಪದೆ ಬಂದು, ಪ್ರತಿ ಅಕ್ಷರ ಕಿವಿಗೆ ಬಿದ್ದರೆ ಡ್ರಮ್ಮನ್ನು ಸಹಿಸಿಕೊಳ್ಳಬಹುದು. ಸದ್ದಿನಲ್ಲಿ ಅಂಕಿತವೇ ಮುಳುಗಿದ್ದರೆ ಮಕ್ಕಳನ್ನು ಪಕ್ಕಕ್ಕೆ ಕೂಡಿಸಿಕೊಂಡು, ಅದೇ ವಚನವನ್ನು ಮನಸೂರರ ಕಂಠದಲ್ಲಿ ಒಮ್ಮೆ ಕೇಳಿಸಿರಿ.