ಖಿನ್ನತೆಯ ಹೊಣೆ ಮಕ್ಕಳದ್ದೇ?

‘ಈಗಿನ ಮಕ್ಕಳಿಗೆ ಸಹನೆಯೇ ಇಲ್ಲ.’ ಕಾಲೇಜಿನ ಮೊದಲ ವರ್ಷದಲ್ಲೇ ವಿದ್ಯಾರ್ಥಿಯೊಬ್ಬ ಖಿನ್ನತೆಗೆ ಒಳಗಾದನೆಂದು ತಿಳಿದಾಗ ನಮ್ಮಲ್ಲಿ ಹೆಚ್ಚಿನವರು ಆಡುವ ಮಾತಿದು. ಇದು ಎಷ್ಟು ಸುಲಭದ ಮಾತೋ ಅಷ್ಟೇ ಅನ್ಯಾಯದ ಮಾತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044 ಮಂದಿ. ಇವರೆಲ್ಲರೂ ಸಹನೆಯಿಲ್ಲದವರೇ?

ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಕಲಿತ ಹಳ್ಳಿಯ ಹುಡುಗ ಪಿಯುಸಿಯ ಎರಡು ವರ್ಷ ಇಂಗ್ಲಿಷ್ ನೋಟ್ಸ್ ಬಾಯಿಪಾಠ ಮಾಡಿ ಸಿಇಟಿ ದಾಟುತ್ತಾನೆ. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಶ್ನೆ ಕೇಳಲು ಅವನಿಗೆ ಬಾಯಿ ಬರುವುದಿಲ್ಲ. ಊರ ಶಾಲೆಗೆ ಮೊದಲಿಗನಾಗಿದ್ದವನು ಮೊದಲ ಸೆಮಿಸ್ಟರ್‌ನಲ್ಲೇ ನಪಾಸಾಗುತ್ತಾನೆ. ಅವನ ಬುದ್ಧಿ ಎಲ್ಲಿಗೂ ಹೋಗಿಲ್ಲ, ಕೈಕೊಟ್ಟದ್ದು ಭಾಷೆ. ಅದರ ಮೇಲೆ ‘ಮೀಸಲಾತಿಯಿಂದ ಬಂದವನು’ ಎಂಬ ಚುಚ್ಚುಮಾತು, ತಂದೆ ಮಾಡಿದ ಸಾಲ, ತಾನು ಬಯಸದ ಕೋರ್ಸು. ಹೆಣ್ಣುಮಗಳಾದರೆ ಇನ್ನೊಂದು ಭಯ: ಫೇಲಾದರೆ ಓದು ನಿಂತು ಮದುವೆಯ ಮಾತು ಶುರುವಾಗುತ್ತದೆ.

‘ನಾವೂ ಕಷ್ಟಪಟ್ಟೇ ಓದಿದವರು’ ಎನ್ನುವ ಹಿರಿಯರಿದ್ದಾರೆ. ನಿಜ. ಆದರೆ ಕಾಲೇಜು ಸೇರಿದ ದಿನವೇ ಅವರಲ್ಲಿ ಎಷ್ಟು ಮಂದಿಯ ಹೆಗಲ ಮೇಲೆ ಲಕ್ಷಾಂತರ ರೂಪಾಯಿ ಸಾಲವಿತ್ತು?

ಕಾಲೇಜುಗಳ ಜಾಹೀರಾತು ನೋಡಿ. ಕಟ್ಟಡ, ಬಸ್ಸು, ಕೆಲಸ ಸಿಕ್ಕವರ ಫೋಟೋ ಎಲ್ಲವೂ ಇರುತ್ತವೆ. ಮಗು ಅಳು ತಡೆಯಲಾಗದೆ ಹೋದರೆ ಯಾರ ಬಾಗಿಲು ತಟ್ಟಬೇಕೆಂದು ಮಾತ್ರ ಇರುವುದಿಲ್ಲ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈಯಲ್ಲಿ ನಿರ್ದೇಶಿಸಿತು. ಲಕ್ಷಗಟ್ಟಲೆ ಶುಲ್ಕ ಪಡೆಯುವವರಿಗೆ ಇದನ್ನು ನ್ಯಾಯಾಲಯ ಹೇಳಬೇಕಾಯಿತೇ? ಆಪ್ತಸಮಾಲೋಚಕರು ಬಂದರಷ್ಟೇ ಸಾಲದು, ಮೊದಲ ಸೆಮಿಸ್ಟರ್‌ನಲ್ಲಿ ಕಠಿಣ ಪಾಠಗಳನ್ನು ಕನ್ನಡದಲ್ಲೂ ವಿವರಿಸುವ ವ್ಯವಸ್ಥೆ ಬೇಕು. ಅಂಕಗಳನ್ನು ಎಲ್ಲರೆದುರು ಓದಿ ಅವಮಾನಿಸುವುದು ನಿಲ್ಲಬೇಕು.

ಪೋಷಕರಾದ ನಮ್ಮ ಹೊಣೆಯೂ ಕಡಿಮೆಯಲ್ಲ. ಫೋನಿನಲ್ಲಿ ‘ಎಷ್ಟು ಮಾರ್ಕು ಬಂತು?’ ಎಂದು ಕೇಳುವ ಮುನ್ನ ‘ನಿದ್ದೆ ಬರುತ್ತಿದೆಯಾ, ಊಟ ಸೇರುತ್ತಿದೆಯಾ?’ ಎಂದು ಕೇಳೋಣ. ಎರಡು ವಾರ ಕಳೆದರೂ ನಿದ್ದೆ, ಹಸಿವು, ಉತ್ಸಾಹ ಮರಳದಿದ್ದರೆ ಅದು ಸೋಮಾರಿತನವಲ್ಲ, ಚಿಕಿತ್ಸೆ ಬೇಡುವ ಕಾಯಿಲೆಯಿರಬಹುದು. ಅಂಥವರು 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಜ್ವರ ಬಂದ ಮಗುವನ್ನು ಯಾರೂ ಹೇಡಿ ಎನ್ನುವುದಿಲ್ಲ. ಮನಸ್ಸು ನೊಂದ ಮಗುವಿಗೂ ಅಷ್ಟೇ ನ್ಯಾಯ ಸಲ್ಲಬೇಡವೇ?